ಪಾಲಿ ಬೀಟಾ-ಅಮೈನೊ ಎಸ್ಟರ್

ಪಾಲಿ ಬೀಟಾ-ಅಮೈನೊ ಎಸ್ಟರ್‌ಗಳು (ಸಂಕ್ಷಿಪ್ತವಾಗಿ ಪಿಬಿಎಇ) ಡಿಎನ್‌ಎ, ಆರ್‌ಎನ್‌ಎಗಳನ್ನು ಜೀವಕೋಶದೊಳಕ್ಕೆ ಸಾಗಿಸಲು ಬಳಸುವ, ಧನಾವೇಶವುಳ್ಳ ಕೃತಕ ಪಾಲಿಮರ್‌ಗಳ ಒಂದು ವರ್ಗ. ನೀರಿನೊಡನೆ ವರ್ತಿಸಿ ಸಣ್ಣ ಅಣುಗಳಾಗಿ ಒಡೆಯುವುದು ಇವುಗಳ ಮುಖ್ಯ ಲಕ್ಷಣ.

ಹಿನ್ನೆಲೆ

ಡಿಎನ್‌ಎ ಋಣಾವೇಶ ಹೊಂದಿದೆ. ಜೀವಕೋಶದ ಹೊರಮೈಯೂ ಋಣಾವೇಶದ್ದೇ. ಆದ್ದರಿಂದ ಬರಿಯ ಡಿಎನ್‌ಎ ಕೋಶವನ್ನು ಪ್ರವೇಶಿಸುವುದು ಕಷ್ಟ. ಮೇಲಾಗಿ ರಕ್ತದಲ್ಲಿರುವ ಕಿಣ್ವಗಳು ಅದನ್ನು ಬೇಗನೆ ತುಂಡರಿಸುತ್ತವೆ. ಈ ಕಾರಣದಿಂದ ವಂಶವಾಹಿ ಚಿಕಿತ್ಸೆಯಲ್ಲಿ ಮಾರ್ಪಡಿಸಿದ ವೈರಸ್‌ಗಳನ್ನು ವಾಹಕಗಳಾಗಿ ಬಳಸಲಾಯಿತು. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಅಡಿನೋವೈರಸ್ ವಾಹಕವನ್ನು ಪಡೆದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ತೀವ್ರ ಪ್ರತಿರಕ್ಷಾ ಪ್ರತಿಕ್ರಿಯೆಯಿಂದ ನಾಲ್ಕು ದಿನಗಳಲ್ಲಿ ಮೃತಪಟ್ಟನು. ವೈರಸ್ ವಾಹಕಗಳ ಅಪಾಯ ಇದರಿಂದ ಎಲ್ಲರ ಗಮನಕ್ಕೆ ಬಂತು.

ವೈರಸ್ ಬೇಡವೆಂದರೆ ಆಗ ಇದ್ದ ಪ್ರಬಲ ಪರ್ಯಾಯಗಳಲ್ಲೊಂದು ಪಾಲಿಎಥಿಲೀನ್‌ಇಮೀನ್. 1995ರಿಂದ ಈ ಕೆಲಸಕ್ಕೆ ಬಳಕೆಗೆ ಬಂದ ಈ ಪಾಲಿಮರ್ ಡಿಎನ್‌ಎಯನ್ನು ಸಮರ್ಥವಾಗಿ ಸಾಗಿಸುತ್ತದೆ. ಆದರೆ ಅದರ ಸರಪಳಿ ದೇಹದಲ್ಲಿ ಸುಲಭವಾಗಿ ಒಡೆಯುವುದಿಲ್ಲ. ಅದರ ದಟ್ಟ ಧನಾವೇಶವು ಕೋಶಪೊರೆಗಳನ್ನು ಹಾನಿಗೊಳಿಸಿ ಕೋಶಗಳನ್ನೇ ಕೊಲ್ಲಬಲ್ಲದು. ಕೆಲಸ ಮುಗಿದ ಮೇಲೆ ಕಳಚಿಕೊಳ್ಳುವ ವಾಹಕವೊಂದು ಬೇಕಿತ್ತು. 2000ರಲ್ಲಿ ಎಂಐಟಿಯ ಡೇವಿಡ್ ಲಿನ್ ಮತ್ತು ರಾಬರ್ಟ್ ಲ್ಯಾಂಗರ್ ಈ ಉದ್ದೇಶಕ್ಕೆ ಪಿಬಿಎಇಗಳನ್ನು ಪ್ರಸ್ತುತಪಡಿಸಿದರು.

ತಯಾರಿಕೆ ಮತ್ತು ಕಾರ್ಯವಿಧಾನ

ಅಮೀನ್ ಮತ್ತು ಡೈಅಕ್ರಿಲೇಟ್‌ಗಳನ್ನು ಬೆರೆಸಿದಾಗ ಮೈಕಲ್ ಸಂಕಲನ ಕ್ರಿಯೆಯ ಮೂಲಕ ಪಿಬಿಎಇ ಉಂಟಾಗುತ್ತದೆ, ಉಪೋತ್ಪನ್ನಗಳಿಲ್ಲ. ಈ ಸರಳತೆಯಿಂದಾಗಿ 2003ರಲ್ಲಿ ಅದೇ ಸಂಸ್ಥೆಯಲ್ಲಿ 2,350 ಬಗೆಯ ಪಾಲಿಮರ್‌ಗಳನ್ನು ಅರೆ-ಸ್ವಯಂಚಾಲಿತವಾಗಿ ತಯಾರಿಸಿ ಪರೀಕ್ಷಿಸುವುದು ಸಾಧ್ಯವಾಯಿತು.

ಧನಾವೇಶದ ಸರಪಳಿಯು ಡಿಎನ್‌ಎಯನ್ನು ಸುತ್ತಿಕೊಂಡು, ಸಾಮಾನ್ಯವಾಗಿ 50ರಿಂದ 200 ನ್ಯಾನೋಮೀಟರ್ ಗಾತ್ರದ ಕಣವಾಗುತ್ತದೆ. ಕೋಶವು ಅದನ್ನು ಎಂಡೋಸೋಮ್ ಎಂಬ ಪೊರೆಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಅಲ್ಲಿ ಆಮ್ಲೀಯತೆ ಹೆಚ್ಚಿದಂತೆ ಪಾಲಿಮರ್‌ನ ಅಮೀನ್‌ಗಳು ಪ್ರೋಟಾನ್‌ಗಳನ್ನು ಹೀರುತ್ತವೆ. ಕ್ಲೋರೈಡ್ ಅಯಾನುಗಳೂ ನೀರೂ ಒಳನುಗ್ಗಿ ಚೀಲ ಒಡೆಯುತ್ತದೆ ಎಂಬುದು 'ಪ್ರೋಟಾನ್ ಸ್ಪಂಜು' ಸಿದ್ಧಾಂತ. ಇದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಎಸ್ಟರ್ ಬಂಧಗಳು ಜಲವಿಶ್ಲೇಷಣೆಗೊಂಡಾಗ ಪಾಲಿಮರ್ ಬೀಟಾ-ಅಮೈನೊ ಆಮ್ಲಗಳು ಮತ್ತು ಡೈಆಲ್‌ಗಳಾಗಿ ಒಡೆದು ಡಿಎನ್‌ಎ ಬಿಡುಗಡೆಯಾಗುತ್ತದೆ. ಲಿನ್ ಮತ್ತು ಲ್ಯಾಂಗರ್ ಪರೀಕ್ಷಿಸಿದ ಪಾಲಿಮರ್‌ಗಳು ಪಿಎಚ್ 5.1ಕ್ಕಿಂತ 7.4ರಲ್ಲಿ ವೇಗವಾಗಿ ಒಡೆದವು. ಅಂದರೆ ಆಮ್ಲೀಯ ಎಂಡೋಸೋಮ್‌ಗಿಂತ ಅದರ ಹೊರಗಿನ ಕೋಶದ್ರವ್ಯವು ವಿಘಟನೆಗೆ ಹೆಚ್ಚು ಅನುಕೂಲಕರ.

ಮಿತಿಗಳು

ಸುರಕ್ಷತೆಗೆ ಕಾರಣವಾದ ಎಸ್ಟರ್ ಬಂಧವೇ ಸಂಗ್ರಹಣೆಗೆ ತೊಡಕು. ನೀರಿನ ದ್ರಾವಣದಲ್ಲಿ ಪಿಬಿಎಇ ಹೆಚ್ಚು ಕಾಲ ಉಳಿಯದ ಕಾರಣ ಕಣಗಳನ್ನು ಶೈತ್ಯೀಕರಿಸಿ ಒಣಗಿಸಿಡಬೇಕಾಗುತ್ತದೆ. ರಕ್ತದ ಪ್ರೋಟೀನ್‌ಗಳು ಅಂಟಿಕೊಂಡು ಕಣಗಳು ಗುಂಪುಗೂಡುವ ಸಮಸ್ಯೆಯೂ ಇರುವುದರಿಂದ, ಉಸಿರಿನ ಮೂಲಕ ಶ್ವಾಸಕೋಶಕ್ಕೆ ನೀಡುವಂತಹ ಸ್ಥಳೀಯ ಮಾರ್ಗಗಳನ್ನೂ ಅಧ್ಯಯನ ಮಾಡಲಾಗಿದೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕವಲೊಡೆದ ಪಿಬಿಎಇಯೊಂದಿಗೆ ಎಂಆರ್‌ಎನ್‌ಎಯನ್ನು ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಅದು ಸೂಚಿಸಿದ ಪ್ರೋಟೀನ್ ಉತ್ಪತ್ತಿಯಾಯಿತು. ಫೈಜರ್ ಮತ್ತು ಮೊಡೆರ್ನಾ ಸಂಸ್ಥೆಗಳ ಕೋವಿಡ್ ಲಸಿಕೆಗಳಲ್ಲಿರುವುದು ಲಿಪಿಡ್ ಕಣಗಳೇ ಹೊರತು ಈ ಪಾಲಿಮರ್‌ಗಳಲ್ಲ.