ಅಪ್ಪನ ಹಳೇ ಪಿಕಪ್‌ಗೆ ಫೋರ್ ವೀಲ್ ಬೇಕಾ?

ನಮ್ಮ ಶನಿವಾರಸಂತೆ ಕಡೆ ಯಾರಾದರೂ ಗಾಡಿ ತಗೊಂಡ್ರೆ ‘ಮೈಲೇಜ್ ಎಷ್ಟು ಕೊಡುತ್ತೆ’ ಅಂತ ಮೊದಲು ಕೇಳುವುದಿಲ್ಲ. ‘ಫೋರ್ ವೀಲಾ?’ ಅಂತ ಕೇಳ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ತೋಟದೊಳಗಿನ ಕೆಮ್ಮಣ್ಣಿನ ದಾರಿ ಸೋಪು ಸವರಿದ ಹಾಗೆ ಆಗುತ್ತದೆ. ಸೆಪ್ಟೆಂಬರ್‌ವರೆಗೂ ಅದೇ ಪಾಡು. ಗೊಬ್ಬರ ಸಾಗಿಸಬೇಕು, ಮರಗಸಿ ಮಾಡಿದ ಸೌದೆ ತರಬೇಕು. ನವೆಂಬರ್ ಬಂದರೆ ಅರೇಬಿಕಾ ಹಣ್ಣು, ಅದರ ಹಿಂದೆಯೇ ರೋಬಸ್ಟಾ. ಕುಯ್ಲಿನ ಮಧ್ಯೆ ಒಂದು ಅಕಾಲಿಕ ಮಳೆ ಬಿದ್ದರೂ ಸಾಕು, ಚೀಲಗಳು ತೋಟದಲ್ಲೇ, ಗಾಡಿ ಕಣದಲ್ಲೇ.

ಜೀಪಿಗೂ ಕಾಫಿಸೀಮೆಗೂ ನಂಟು ಬೆಳೆದಿದ್ದೇ ಹೀಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲಿಸ್ ಜೀಪನ್ನು 1947ರಲ್ಲಿ ಮಹೀಂದ್ರಾದವರು ಇಲ್ಲಿ ಜೋಡಿಸಲು ಶುರುಮಾಡಿದರು. ಕೆಸರಿನಲ್ಲಿ ಒಂದು ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಎಂಜಿನ್ ಬಲ ಸಿಗುತ್ತಿತ್ತು. ಮಲೆನಾಡಿನ ತೋಟಗಳಿಗೆ ಇನ್ನೇನು ಬೇಕು? ಆಮೇಲೆ ಪೇಟೆ ಗಿರಾಕಿಗಳಿಗೆಂದು ಕಡಿಮೆ ಬೆಲೆಯ ಟೂ ವೀಲ್ ಡ್ರೈವ್ ಗಾಡಿಗಳೂ ಬಂದವು. ನೋಡಲು ಹೆಚ್ಚೂಕಮ್ಮಿ ಅದೇ ಗಾಡಿ, ಆದರೆ ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ನಮ್ಮ ಮನೆಯಲ್ಲಿರುವುದು ಅಂಥದ್ದೇ ಒಂದು ಹಳೇ ಪಿಕಪ್.

ಜೂನ್ ತಿಂಗಳ ಆ ಸಂಜೆ

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀನಿ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಅಪ್ಪ ಫೋನ್ ಮಾಡಿದರು. ತೋಟದ ಮೇಲಿನ ತಿರುವಿನಲ್ಲಿ ಪಿಕಪ್ ಏರಲಾರದೆ ನಿಂತಿತ್ತು. ಬ್ರೇಕ್ ಹಿಡಿದಿದ್ದರೂ ಹಾಗೇ ಹಿಂದಕ್ಕೆ ಜಾರಿ, ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿಕೊಂಡಿತ್ತು. ಹಿಂದೆ ಇಬ್ಬರು ಕೆಲಸದವರು ಕೂತಿದ್ದರು. ಯಾರಿಗೂ ಏಟಾಗಲಿಲ್ಲ. ಮರ ಇಲ್ಲದಿದ್ದರೆ ಕೆಳಗಿದ್ದದ್ದು ಹೊಂಡ.

‘ಇದಕ್ಕೆ ಫೋರ್ ವೀಲ್ ಮಾಡಿಸಿಬಿಡ್ತೀನಿ ಮಗಳೇ’ ಅಂದರು ಅಪ್ಪ. ಗುಜರಿಗೆ ಬಂದ ಹಳೇ ಜೀಪಿನ ಫ್ರಂಟ್ ಹೌಸಿಂಗ್ ಒಂದನ್ನು ಯಾರೋ ತೋರಿಸಿಯೂ ಆಗಿತ್ತು. ಬೇಡ ಅನ್ನಲು ನನಗೆ ಮನಸ್ಸಿರಲಿಲ್ಲ, ಸರಿ ಅನ್ನಲು ಧೈರ್ಯವೂ ಇರಲಿಲ್ಲ. ಹಾಗಾಗಿ ಮುಂದಿನ ಶನಿವಾರ ಇಬ್ಬರೂ ಮೇಸ್ತ್ರಿ ಹತ್ತಿರ ಹೋಗಿ ಕೂತೆವು.

ಮೇಸ್ತ್ರಿ ಹೇಳಿದ ಪಟ್ಟಿ

‘ನೋಡವ್ವ, ಮಾಡಕ್ಕಾಗಲ್ಲ ಅಂತ ಅಲ್ಲ. ಮಾಡ್ಬೋದು. ಆದ್ರೆ ಅದು ಒಂದು ಪಾರ್ಟು ಹಾಕೋ ಕೆಲ್ಸ ಅಲ್ಲ’ ಅಂತಲೇ ಅವರು ಶುರುಮಾಡಿದ್ದು.

ಟೂ ವೀಲ್ ಗಾಡಿಯಲ್ಲಿ ಎಂಜಿನ್‌ನಿಂದ ಗೇರ್‌ಬಾಕ್ಸ್, ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಹೌಸಿಂಗ್. ದಾರಿ ನೇರ. ಫೋರ್ ವೀಲ್ ಮಾಡಬೇಕಾದರೆ ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂರಿಸಬೇಕು. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ ಅದು. ಅದು ಜಾಗ ತಿನ್ನುವುದರಿಂದ ಹಿಂದಿನ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿ, ಬ್ಯಾಲೆನ್ಸ್ ಮಾಡಿಸಬೇಕು. ಮುಂದಕ್ಕೆ ಹೊಸ ಶಾಫ್ಟ್ ಬೇಕು. ಮುಂದಿನ ಸಾದಾ ಆಕ್ಸಲ್ ತೆಗೆದು, ಒಳಗೆ ಕ್ರೌನ್ ಪಿನಿಯನ್ ಇರುವ ಹೌಸಿಂಗ್ ಹಾಕಬೇಕು. ಆ ಹೌಸಿಂಗ್‌ನ ಉಬ್ಬಿದ ಭಾಗ ಟ್ರಾನ್ಸ್‌ಫರ್ ಕೇಸ್‌ನ ಮುಂದಿನ ಬಾಯಿ ಇರುವ ಕಡೆಗೇ ಇರಬೇಕು. ಎಂಜಿನ್ ಸಂಪ್‌ಗೆ ತಾಗಬಾರದೆಂದರೆ ಗಾಡಿ ಸ್ವಲ್ಪ ಎತ್ತರವಾಗಬೇಕು. ಎತ್ತರವಾದರೆ ಸ್ಟೀರಿಂಗ್ ರಾಡ್‌ನ ಕೋನ ಬದಲಾಗುತ್ತದೆ, ಬ್ರೇಕ್ ಪೈಪ್ ಸಾಲುವುದಿಲ್ಲ. ಒಂದು ಮುಟ್ಟಿದರೆ ಇನ್ನೊಂದು.

ಇಷ್ಟೆಲ್ಲದರಲ್ಲಿ ಜನ ಮರೆಯುವುದು ಹಲ್ಲಿನ ಲೆಕ್ಕ. ಹಿಂದಿನ ಹೌಸಿಂಗ್‌ನ ರೇಶಿಯೋ 4.5, ಮುಂದಿನದು 5 ಅಂತ ಇಟ್ಟುಕೊಳ್ಳಿ. ಶಾಫ್ಟ್ 45 ಸುತ್ತು ತಿರುಗಿದಾಗ ಹಿಂದಿನ ಚಕ್ರ 10 ಸುತ್ತು, ಮುಂದಿನದು 9 ಸುತ್ತು. ಒಂದೇ ಗಾಡಿಯ ಹಿಂದಿನ ಚಕ್ರಗಳು ಮುಂದಿನವನ್ನು ದೂಡುತ್ತವೆ, ಮುಂದಿನವು ಹಿಂದಿನವನ್ನು ತಡೆಯುತ್ತವೆ. ಕೆಸರಿನಲ್ಲಿ ಟೈರ್ ಜಾರಿ ಹೇಗೋ ಸುಧಾರಿಸಬಹುದು, ಗಟ್ಟಿ ನೆಲದಲ್ಲಿ ಯಾವುದಾದರೊಂದು ಹಲ್ಲು ಮುರಿಯುತ್ತದೆ. ಎರಡೂ ಕಡೆ ರೇಶಿಯೋ ಒಂದೇ ಇರಬೇಕು, ಟೈರ್ ಅಳತೆಯೂ ಒಂದೇ ಇರಬೇಕು.

ಇಷ್ಟಾದಮೇಲೂ ಅದು ಹಳೇ ಜೀಪಿನ ರೀತಿಯ ಫೋರ್ ವೀಲ್, ಬೇಕಾದಾಗ ಮಾತ್ರ ಹಾಕುವಂಥದ್ದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಆ ವ್ಯತ್ಯಾಸ ನುಂಗಲು ಮಧ್ಯದಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ಅದಕ್ಕೇ ಟಾರ್ ರಸ್ತೆಗೆ ಬಂದ ಕೂಡಲೇ ಟೂ ವೀಲ್‌ಗೆ ಹಾಕಬೇಕು.

ಮೇಸ್ತ್ರಿ ಹೇಳಿದ ಖರ್ಚು ಲಕ್ಷ ದಾಟಿತು. ‘ಗುಜರಿ ಪಾರ್ಟು ಒಳಗೆ ಹೆಂಗೈತೆ ಅಂತ ಬಿಚ್ಚಿದ್ಮೇಲೇ ಗೊತ್ತಾಗದು ಗೌಡ್ರೆ’ ಅಂತ ಅಪ್ಪನಿಗೆ ಒಂದು ಮಾತು ಸೇರಿಸಿದರು.

ಕಾನೂನು ಏನು ಹೇಳುತ್ತೆ?

ಯೂಟ್ಯೂಬ್‌ನಲ್ಲಿ ಮಾಡಿಫೈ ಜೀಪುಗಳ ವಿಡಿಯೊ ಬೇಕಾದಷ್ಟು ಸಿಗುತ್ತವೆ. ಹರಿಯಾಣದ ಮಂಡಿ ಡಬ್ವಾಲಿ ಅಂಥ ಜೀಪುಗಳಿಗೇ ಹೆಸರಾದ ಊರು. ಆದರೆ ವಿಡಿಯೊದಲ್ಲಿ ಆರ್.ಸಿ. ತೋರಿಸುವವರು ಕಡಿಮೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಎನ್‌ಜಿ ಕಿಟ್‌ನಂಥ ಅನುಮೋದಿತ ಬದಲಾವಣೆಗೆ ದಾರಿ ಇದೆ. ಗುಜರಿ ಹೌಸಿಂಗ್‌ಗೆ ಅಂಥ ಅನುಮೋದನೆ ಎಲ್ಲಿಂದ ತರೋದು?

ಪಿಕಪ್ ಸರಕು ವಾಹನ. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಲೇಬೇಕು. ವರ್ಷ ವರ್ಷ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವಾಗ, ಎಲ್ಲೂ ಬರೆದಿಲ್ಲದ ಒಂದು ಹೌಸಿಂಗ್ ಕೆಳಗೆ ನೇತಾಡುತ್ತಿರುತ್ತದೆ.

‘ತೋಟದೊಳಗೆ ಓಡಿಸೋಕೆ ಯಾರು ಕೇಳ್ತಾರೆ?’ ಅಂದರು ಅಪ್ಪ. ದಿನನಿತ್ಯದ ಮಟ್ಟಿಗೆ ಅವರ ಮಾತು ಸರಿಯೇ. ಯಾರೂ ಕೇಳುವುದಿಲ್ಲ. ಕೇಳುವುದು ಅಪಘಾತ ಆದ ದಿನ. ಅವತ್ತು ವಿಮೆಯವರು ಮೊದಲು ನೋಡುವುದೇ ಆರ್.ಸಿ.ಯನ್ನು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಸರಕು ವಾಹನದ ವಿಮೆ ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಿಂದೆ ಕೂರಿಸಿಕೊಂಡು ಹೋಗುವ ಪ್ರಯಾಣಿಕರನ್ನಲ್ಲ. ನಮ್ಮ ಕಡೆ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆಯಲ್ಲಿ ನಿಂತು ನೋಡಿ, ಪಿಕಪ್‌ಗಳ ತುಂಬ ಕೆಲಸದವರೇ. ಆ ಸಂಜೆ ನಮ್ಮ ಗಾಡಿಯಲ್ಲಿದ್ದ ಇಬ್ಬರಿಗೆ ಏನಾದರೂ ಆಗಿದ್ದರೆ ಅವರ ಮನೆಯವರು ಯಾರನ್ನು ಕೇಳಬೇಕಿತ್ತು? ಈ ಪ್ರಶ್ನೆಗೆ ಫೋರ್ ವೀಲ್ ಉತ್ತರವಲ್ಲ. ಅಪ್ಪ ತುಂಬ ಹೊತ್ತು ಸುಮ್ಮನೆ ಕೂತರು.

ಜಾರಿದ್ದು ಯಾಕೆ?

ಆಮೇಲೆ ಇಬ್ಬರೂ ಆ ತಿರುವಿಗೆ ನಡೆದು ಹೋದೆವು. ಗಾಡಿ ಏರಲಿಲ್ಲ ಅನ್ನೋದು ಒಂದು ಸಮಸ್ಯೆ, ನಿಲ್ಲಲಿಲ್ಲ ಅನ್ನೋದು ಇನ್ನೊಂದು. ಫೋರ್ ವೀಲ್ ಇದ್ದರೆ ಏರುತ್ತಿತ್ತೇನೋ. ಆದರೆ ಬ್ರೇಕ್ ಎಲ್ಲ ಗಾಡಿಗೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ನಾಲ್ಕೂ ಚಕ್ರ ನಿಂತ ಮೇಲೂ ಗಾಡಿ ಜಾರಿದೆ ಅಂದರೆ ಕೈಕೊಟ್ಟದ್ದು ನೆಲ. ಇಳಿಜಾರಿನಲ್ಲಿ ಲೋ ಗೇರ್ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುತ್ತದೆ, ಅದು ನಿಜವಾದ ಲಾಭ. ಆದರೂ ಟೈರಿಗೆ ಹಿಡಿತವೇ ಇಲ್ಲದ ಕಡೆ ಯಾವ ಗೇರೂ ಪವಾಡ ಮಾಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ನೀರು ನೆಲವನ್ನು ಏನು ಮಾಡುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ.

ಆ ತಿರುವಿನಲ್ಲಿ ಪಕ್ಕದ ಚರಂಡಿ ಮುಚ್ಚಿಹೋಗಿತ್ತು. ಮೇಲಿನ ನೀರೆಲ್ಲ ದಾರಿಯ ಮೇಲೇ ಹರಿದು, ಚಕ್ರದ ಗುರುತುಗಳೇ ಕಾಲುವೆಯಾಗಿದ್ದವು.

ನಾವು ಮಾಡಿದ್ದು

ಮೊದಲು ಚರಂಡಿ ಬಿಡಿಸಿದೆವು. ನೀರು ದಾರಿ ಉದ್ದಕ್ಕೂ ಓಡದೆ ಪಕ್ಕಕ್ಕೆ ಹೋಗಲಿ ಅಂತ ಅಲ್ಲಲ್ಲಿ ಅಡ್ಡಕ್ಕೆ ಮಣ್ಣಿನ ದಿಬ್ಬ ಹಾಕಿಸಿದೆವು. ಮಳೆ ನಿಂತ ಮೇಲೆ ಕಡಿದಾದ ಜಾಗಕ್ಕೆ ಮಾತ್ರ ಕಲ್ಲು ಹಾಸಿ, ಎರಡು ಚಕ್ರದ ಅಳತೆಗೆ ಎರಡು ಪಟ್ಟಿ ಕಾಂಕ್ರೀಟ್. ಪೂರ್ತಿ ರಸ್ತೆ ಬೇಕಾಗಲಿಲ್ಲ. ಜಾರದಿರಲಿ ಅಂತ ಹಸಿ ಇದ್ದಾಗಲೇ ಅಡ್ಡಗೆರೆ ಎಳೆಸಿದೆವು.

ಪಿಕಪ್‌ನ ಹಿಂದಿನ ಚಕ್ರಗಳಿಗೆ ಅದೇ ಅಳತೆಯ ಬಟನ್ ಟೈರ್ ಬಂತು. ಖಾಲಿ ಪಿಕಪ್‌ನಲ್ಲಿ ಎಂಜಿನ್ ಭಾರ ಮುಂದೆ, ಎಳೆಯುವ ಚಕ್ರ ಹಿಂದೆ. ಅದಕ್ಕೇ ಖಾಲಿ ಹೋಗುವಾಗ ಹಿಂದಿನ ಆಕ್ಸಲ್ ಮೇಲೆ ನಾಲ್ಕು ಮರಳಿನ ಚೀಲ ಇಟ್ಟು, ಜರುಗದ ಹಾಗೆ ಕಟ್ಟುತ್ತೇವೆ. ಜೋರು ಮಳೆಯ ವಾರಗಳಲ್ಲಿ ಆ ಮೇಲಿನ ಪಟ್ಟೆಗೆ ಬಾಡಿಗೆ ಟ್ರ್ಯಾಕ್ಟರ್. ಕೆಲಸದವರನ್ನು ಪಿಕಪ್ ಹಿಂದೆ ಕೂರಿಸುವುದು ನಿಂತಿತು. ದೂರದಿಂದ ಬರುವವರಿಗೆ ಜನ ಕೂರಿಸಲು ಪರ್ಮಿಟ್ ಇರುವ ಗಾಡಿ ಗೊತ್ತು ಮಾಡಿದ್ದೇವೆ. ಖರ್ಚು ಹೆಚ್ಚಾಯಿತು, ಅಪ್ಪ ಗೊಣಗುವುದೂ ಇದೆ. ಆದರೆ ತಾವಾಗಿಯೇ ನಿಲ್ಲಿಸಿದ್ದು ಅವರೇ.

ನಿಮಗೂ ಫೋರ್ ವೀಲ್ ಬೇಕೇ ಬೇಕು ಅಂದರೆ

ಕಂಪನಿಯಿಂದಲೇ ಫೋರ್ ವೀಲ್ ಆಗಿ ಬಂದ ಹಳೇ ಜೀಪು ಅಥವಾ ಪಿಕಪ್ ಹುಡುಕಿ. ಬೆಲೆ ಕೇಳುವ ಮೊದಲು ಆರ್.ಸಿ. ಕೇಳಿ. ಚಾಸಿಸ್ ನಂಬರನ್ನು ಗಾಡಿಯ ಮೇಲೇ ಓದಿ ತಾಳೆ ನೋಡಿ. ಗಾಡಿ ಮೂಲದಲ್ಲೇ ಫೋರ್ ವೀಲಾ ಅಂತ ಡೀಲರ್ ಹತ್ತಿರ ವಿಚಾರಿಸಿ. ಮಣ್ಣಿನ ನೆಲದಲ್ಲಿ ಫೋರ್ ವೀಲ್ ಹಾಕಿ ಓಡಿಸಿ, ಲಿವರ್ ತಾನಾಗಿ ಹಾರಿ ಹೊರಬರುತ್ತಾ ನೋಡಿ. ಹಳೇ ಜೀಪಿನ ಲೋ ಗೇರ್ ಸುಮಾರು ಎರಡೂವರೆ ಪಟ್ಟು ಬಲ ಕೊಡುತ್ತದೆ, ಅದರಲ್ಲಿ ಗಾಡಿ ಆಮೆಯ ಹಾಗೆ ಹೋಗಬೇಕು. ಕೆಳಗೆ ತೂರಿ ಮುಂದಿನ ಶಾಫ್ಟ್ ಕೈಯಲ್ಲಿ ಅಲುಗಾಡಿಸಿ, ಹೌಸಿಂಗ್ ತುದಿಯಲ್ಲಿ ಎಣ್ಣೆ ಸೋರಿದೆಯಾ ಗಮನಿಸಿ. ನಾಲ್ಕೂ ಟೈರ್ ಒಂದೇ ಅಳತೆಯವಾ ಅಂತ ಪಕ್ಕದಲ್ಲಿ ಬರೆದಿರುವ ಸಂಖ್ಯೆ ಓದಿ.

ಊರಲ್ಲಿ ಅಪ್ಪ ಅಮ್ಮನನ್ನು, ತೋಟವನ್ನು ಬಿಟ್ಟು ಬಂದ ನಮ್ಮಂಥವರಿಗೆ ದುಡ್ಡು ಕಳಿಸಿ ‘ಮಾಡಿಸಿಬಿಡಿ’ ಅನ್ನುವುದು ಸುಲಭ. ಗೂಗಲ್ ಪೇ ಒತ್ತುವ ಮೊದಲು ಒಂದು ವಾರಾಂತ್ಯ ಊರಿಗೆ ಹೋಗಿ, ಗಾಡಿ ಸಿಕ್ಕಿಬೀಳುವ ಜಾಗಕ್ಕೆ ಅವರ ಜೊತೆ ನಡೆದುಕೊಂಡು ಹೋಗಿ ನೋಡಿ. ಗಾಡಿ ರಿಪೇರಿ ಆಗಬೇಕಾ, ದಾರಿ ರಿಪೇರಿ ಆಗಬೇಕಾ ಅಂತ ಅಲ್ಲೇ ನಿಂತು ಇಬ್ಬರೂ ಮಾತಾಡಬಹುದು.