ಪಡಸಾಲೆಗೆ ಬಂದ ಸಂತೆ: ಸ್ಮಾರ್ಟ್ ಟಿ.ವಿ.ಯ ಜಾಹೀರಾತು ಮತ್ತು ನಮ್ಮ ಒಪ್ಪಿಗೆ

ಸಂಜೆಯ ಲಿಂಗಪೂಜೆ ಮುಗಿದಿದೆ. ಅಜ್ಜಿಯವರು ಪಡಸಾಲೆಗೆ ಬಂದು ಕುಳಿತು, ಶ್ರಾವಣದ ಪ್ರವಚನ ಕೇಳಬೇಕೆಂದು ಮೊಮ್ಮಗನಿಗೆ ಟಿ.ವಿ. ಹಾಕಲು ಹೇಳುತ್ತಾರೆ. ಗುಂಡಿಯನ್ನು ಒತ್ತಿದೊಡನೆ ತೆರೆಯ ಮೇಲೆ ಮೂಡುವುದು ಪ್ರವಚನವಲ್ಲ. ರಕ್ತಸಿಕ್ತ ಕತ್ತಿ ಹಿಡಿದ ನಾಯಕನೊಬ್ಬನ ಚಿತ್ರ ಅರ್ಧ ತೆರೆಯನ್ನು ಆಕ್ರಮಿಸಿಕೊಂಡಿರುತ್ತದೆ. ಮರುಕ್ಷಣವೇ ಅದು ಯಾರ ಅಪ್ಪಣೆಯೂ ಇಲ್ಲದೆ ಚಲಿಸತೊಡಗಿ, ಅದರ ಅಬ್ಬರ ಮನೆಯನ್ನೆಲ್ಲ ತುಂಬುತ್ತದೆ. ಮೊಮ್ಮಗ ಗಡಿಬಿಡಿಯಿಂದ ರಿಮೋಟಿನ ಗುಂಡಿಗಳನ್ನು ಒತ್ತುತ್ತಾನೆ. ಅಜ್ಜಿಯವರು ಮುಖ ತಿರುಗಿಸುತ್ತಾರೆ.

ನಮ್ಮ ಎಷ್ಟೋ ಮನೆಗಳಲ್ಲಿ ಇದು ಈಗ ನಿತ್ಯದ ಸಂಗತಿ. ಟಿ.ವಿ. ನಾವು ಹಣ ಕೊಟ್ಟು ತಂದದ್ದು. ಉರಿಯುವ ವಿದ್ಯುತ್ತು ನಮ್ಮದು. ಇಂಟರ್‌ನೆಟ್ಟಿಗೆ ತಿಂಗಳು ತಿಂಗಳೂ ಹಣ ಕಟ್ಟುವವರು ನಾವೇ. ಆದರೂ ಆ ಪೆಟ್ಟಿಗೆ ಮೊದಲು ತೋರಿಸುವುದು ನಮಗೆ ಬೇಕಾದುದನ್ನಲ್ಲ, ಬೇರಾರೋ ಹಣ ತೆತ್ತು ತೋರಿಸಬೇಕೆಂದುದನ್ನು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿಯುವುದು ಅವಶ್ಯ.

ಅಂದಿನ ಜಾಹೀರಾತು, ಇಂದಿನ ಜಾಹೀರಾತು

ಟಿ.ವಿ.ಗೆ ಜಾಹೀರಾತು ಹೊಸದೇನಲ್ಲ. ದೂರದರ್ಶನದಲ್ಲಿ 1976ರ ಜನವರಿ 1ರಿಂದಲೇ ಜಾಹೀರಾತುಗಳ ಪ್ರಸಾರ ಆರಂಭವಾಯಿತು. ಆದರೆ ಅಂದಿನ ಜಾಹೀರಾತಿಗೆ ಒಂದು ಮರ್ಯಾದೆಯಿತ್ತು. ಕಾರ್ಯಕ್ರಮದ ನಡುವೆ ಬರುತ್ತಿತ್ತು, ಹೋಗುತ್ತಿತ್ತು. ಇಡೀ ಓಣಿಯವರು ನೋಡುತ್ತಿದ್ದುದು ಒಂದೇ ಸಾಬೂನಿನ ಜಾಹೀರಾತು. ಯಾರು ನೋಡಿದರು, ಯಾರು ಎದ್ದು ನೀರು ಕುಡಿಯಲು ಹೋದರು ಎಂಬುದು ಸಾಬೂನಿನ ಕಂಪೆನಿಗೆ ತಿಳಿಯುವ ಸಂಭವವೇ ಇರಲಿಲ್ಲ. ಕೇಬಲ್ ವಾಹಿನಿಗಳು ಬಂದ ಮೇಲೆಯೂ, 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳಿಗೆ ಗಂಟೆಗೆ 12 ನಿಮಿಷಗಳ ಮಿತಿಯನ್ನು ಸೇರಿಸಲಾಯಿತು. ಆ ಮಿತಿ ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದು ಬೇರೆ ಮಾತು.

ಸ್ಮಾರ್ಟ್ ಟಿ.ವಿ.ಯ ಮುಖಪುಟದಲ್ಲಿ ಕಾಣುವ ಜಾಹೀರಾತಾದರೋ ಬೇರೆಯೇ ಜಾತಿಯದು. ಅದು ವಾಹಿನಿಯಿಂದ ಬರುವುದಲ್ಲ, ಟಿ.ವಿ. ತಯಾರಿಸಿದ ಅಥವಾ ಅದರ ತಂತ್ರಾಂಶ ಒದಗಿಸಿದ ಕಂಪೆನಿಯೇ ಕಳುಹಿಸುವುದು. ಆದುದರಿಂದ ವಾಹಿನಿಗಳಿಗೆ ಹಾಕಿದ ಗಡಿಯಾರ ಇದಕ್ಕಿಲ್ಲ. ಮೇಲಾಗಿ, ಅದು ನಮ್ಮ ಮನೆಯನ್ನು ನೋಡಿ ಆಯ್ದು ಕಳುಹಿಸಿದ ಜಾಹೀರಾತಾಗಿರಲೂಬಹುದು.

ಅಗ್ಗದ ಬೆಲೆಯ ಹಿಂದಿನ ಲೆಕ್ಕ

ಹಿಂದೆ ದೊಡ್ಡ ತೆರೆಯ ಟಿ.ವಿ. ಶ್ರೀಮಂತರ ಮನೆಯ ವಸ್ತುವಾಗಿತ್ತು. ಇಂದು ಅದು ಸಾಮಾನ್ಯ ಕುಟುಂಬದ ಕೈಗೆಟಕುತ್ತಿದೆ. ತಂತ್ರಜ್ಞಾನ ಮುಂದುವರಿದುದು ಇದಕ್ಕೊಂದು ಕಾರಣ. ಇನ್ನೊಂದು ಕಾರಣವನ್ನು ಅಮೆರಿಕದ ವಿಜಿಯೋ ಎಂಬ ಟಿ.ವಿ. ಕಂಪೆನಿಯ ಲೆಕ್ಕಪತ್ರವೇ ಹೇಳುತ್ತದೆ. 2021ರ ಮೂರನೆಯ ತ್ರೈಮಾಸಿಕದಲ್ಲಿ ಆ ಕಂಪೆನಿಗೆ ಟಿ.ವಿ. ಮುಂತಾದ ಉಪಕರಣಗಳ ಮಾರಾಟದಿಂದ ಬಂದ ಒಟ್ಟು ಲಾಭಕ್ಕಿಂತ, ಜಾಹೀರಾತು ಹಾಗೂ ವೀಕ್ಷಕರ ಮಾಹಿತಿಯನ್ನು ಆಧರಿಸಿದ ವ್ಯವಹಾರದಿಂದ ಬಂದ ಲಾಭವು ಎರಡು ಪಟ್ಟಿಗೂ ಮಿಗಿಲಾಗಿತ್ತು. ಅಂದರೆ ಟಿ.ವಿ. ಮಾರಿದ ದಿನಕ್ಕೆ ವ್ಯಾಪಾರ ಮುಗಿಯಲಿಲ್ಲ, ಅಂದೇ ಆರಂಭವಾಯಿತು. ಅಂಗಡಿಯಲ್ಲಿ ಗ್ರಾಹಕರಾಗಿದ್ದ ನಾವು ಮನೆಗೆ ಬಂದ ಮೇಲೆ ಸರಕಾಗುತ್ತೇವೆ.

ನೋಡುವವರನ್ನು ನೋಡುವ ಪೆಟ್ಟಿಗೆ

ನಾವು ಏನು ನೋಡುತ್ತೇವೆಂಬುದು ಕಂಪೆನಿಗೆ ತಿಳಿಯುವುದಾದರೂ ಹೇಗೆ? ಅನೇಕ ಟಿ.ವಿ.ಗಳಲ್ಲಿ ‘ಆಟೋಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್’ ಎಂಬ ವ್ಯವಸ್ಥೆಯಿದೆ. ಇದನ್ನು ಸರಳವಾಗಿ ಹೀಗೆ ತಿಳಿಯಬಹುದು: ತೆರೆಯ ಮೇಲೆ ಓಡುತ್ತಿರುವ ಚಿತ್ರದ ತುಣುಕುಗಳನ್ನು ಟಿ.ವಿ. ಆಗಾಗ ಸೆರೆಹಿಡಿದು, ಅದರಿಂದ ಬೆರಳಚ್ಚಿನಂಥ ಒಂದು ಗುರುತನ್ನು ಸಿದ್ಧಪಡಿಸಿ ಕಂಪೆನಿಯ ಕಂಪ್ಯೂಟರಿಗೆ ರವಾನಿಸುತ್ತದೆ. ಅಲ್ಲಿ ಸಂಗ್ರಹದಲ್ಲಿರುವ ಸಹಸ್ರಾರು ಕಾರ್ಯಕ್ರಮಗಳ ಗುರುತುಗಳೊಡನೆ ಅದನ್ನು ತಾಳೆ ನೋಡಿದರಾಯಿತು. ಈ ಮನೆಯಲ್ಲಿ ಇಂಥ ಹೊತ್ತಿನಲ್ಲಿ ಇಂಥ ಧಾರಾವಾಹಿ, ಇಂಥ ಸುದ್ದಿ, ಇಂಥ ಪ್ರವಚನ ನೋಡಿದರು ಎಂಬುದು ದಾಖಲಾಗುತ್ತದೆ.

ಇದು ಕಲ್ಪನೆಯ ಮಾತಲ್ಲ. ಮೇಲೆ ಹೇಳಿದ ವಿಜಿಯೋ ಕಂಪೆನಿಯು 2014ರಿಂದ ಸುಮಾರು 1 ಕೋಟಿ 10 ಲಕ್ಷ ಟಿ.ವಿ.ಗಳ ಮೂಲಕ, ಜನರಿಗೆ ಸರಿಯಾಗಿ ತಿಳಿಸದೆ, ಕ್ಷಣಕ್ಷಣದ ವೀಕ್ಷಣೆಯ ವಿವರಗಳನ್ನು ಸಂಗ್ರಹಿಸಿ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. ವಯಸ್ಸು, ಆದಾಯ, ವಿವಾಹ, ವಿದ್ಯಾಭ್ಯಾಸ ಮುಂತಾದ ವಿವರಗಳನ್ನೂ ಅದರೊಡನೆ ಜೋಡಿಸಲಾಗುತ್ತಿತ್ತೆಂಬುದು ಆರೋಪದ ಭಾಗವಾಗಿತ್ತು. 2017ರ ಫೆಬ್ರುವರಿಯಲ್ಲಿ ಕಂಪೆನಿಯು 22 ಲಕ್ಷ ಡಾಲರ್ ತೆರಲು ಒಪ್ಪಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಹಾಗೂ ಅಮೆರಿಕ, ಸ್ಪೇನ್‌ಗಳ ವಿಶ್ವವಿದ್ಯಾಲಯಗಳ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಸ್ಪಷ್ಟವಾದ ಚಿತ್ರವನ್ನು ಕೊಡುತ್ತದೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿ.ವಿ.ಗಳನ್ನು ಅವರು ಪರೀಕ್ಷಿಸಿದರು. ಕಂಪ್ಯೂಟರನ್ನೋ ಬೇರೆ ಪೆಟ್ಟಿಗೆಯನ್ನೋ ಎಚ್‌ಡಿಎಂಐ ತಂತಿಯಿಂದ ಜೋಡಿಸಿ, ಟಿ.ವಿ.ಯನ್ನು ಬರಿಯ ತೆರೆಯಾಗಿ ಬಳಸುತ್ತಿದ್ದಾಗಲೂ ಈ ಗುರುತಿಸುವಿಕೆ ನಡೆಯುತ್ತಿತ್ತೆಂಬುದು ಕಂಡುಬಂತು. ಸಮಾಧಾನದ ಸಂಗತಿಯೂ ಅದೇ ಅಧ್ಯಯನದಲ್ಲಿದೆ: ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಿಗೆಯನ್ನು ಹಿಂಪಡೆದಾಗ ಆ ರವಾನೆ ನಿಂತುಹೋಯಿತು. ಅಂದರೆ ಬೀಗ ನಮ್ಮ ಬಳಿಯೇ ಇದೆ. ನಾವು ಅದನ್ನು ಹಾಕಿಲ್ಲ, ಅಷ್ಟೆ.

ಒಪ್ಪಿಗೆ ಕೊಟ್ಟವರು ಯಾರು?

ಹಾಗಾದರೆ ಬಾಗಿಲನ್ನು ತೆರೆದವರು ಯಾರು? ಹೊಸ ಟಿ.ವಿ. ಮನೆಗೆ ಬಂದ ದಿನವನ್ನು ನೆನಪಿಗೆ ತಂದುಕೊಳ್ಳೋಣ. ಗೋಡೆಗೆ ತೂಗುಹಾಕಲು ಬಂದ ಹುಡುಗನಿಗೆ ಇನ್ನೂ ನಾಲ್ಕು ಮನೆಗಳ ಕೆಲಸ ಬಾಕಿ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಷರತ್ತುಗಳು ಬಂದವು. ಆತ ಎಲ್ಲಕ್ಕೂ ‘ಅಗ್ರೀ’, ‘ಅಗ್ರೀ’ ಎಂದು ಒತ್ತಿ, ಕೈಗೆ ರಿಮೋಟು ಕೊಟ್ಟು ಹೊರಟ. ನಾವು ಅವನಿಗೆ ಚಹಾ ಕೊಟ್ಟು ಕಳುಹಿಸಿದೆವು. ಮನೆಯ ಯಜಮಾನರಿಗಾಗಲೀ ಗೃಹಿಣಿಗಾಗಲೀ ತಾವು ಯಾವುದಕ್ಕೆ ಒಪ್ಪಿದೆವೆಂಬುದೇ ತಿಳಿಯಲಿಲ್ಲ. ಊರಿನಲ್ಲಿರುವ ತಂದೆತಾಯಿಗಳಿಗೆ ಟಿ.ವಿ. ಕೊಡಿಸಿ, ರಜೆಯ ಅವಸರದಲ್ಲಿ ಅದನ್ನು ಜೋಡಿಸಿ ಬಂದ ಮಕ್ಕಳೂ ಮಾಡಿದ್ದು ಇದನ್ನೇ.

ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ತೀರ್ಪಿಗೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಆಧಾರ್ ವಿಷಯವಾಗಿ ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ. 2024ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಆ ತೀರ್ಪಿನ ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರಲ್ಲಿ ಕುಟುಂಬಗಳು ತಿಳಿಯಬೇಕಾದ ಮೂರು ಅಂಶಗಳಿವೆ. ಮೊದಲನೆಯದು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕು. ಎರಡನೆಯದು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಮೂರನೆಯದು, 18 ವರ್ಷದೊಳಗಿನ ಮಕ್ಕಳ ಚಲನವಲನಗಳನ್ನು ಹಿಂಬಾಲಿಸಿ ಅವರನ್ನೇ ಗುರಿಯಾಗಿಸಿ ಜಾಹೀರಾತು ಕಳುಹಿಸುವುದನ್ನು ಕಾಯ್ದೆ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವನ್ನು ನೀಡಲಾಗಿದೆ. ಆದರೆ ಮನೆಯನ್ನು ಕಾಯಲು ನಾವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಒಂದು ಭಾನುವಾರದ ಕೆಲಸ

ಒಂದು ಭಾನುವಾರ ಬೆಳಿಗ್ಗೆ, ಮನೆಯವರೆಲ್ಲ ಟಿ.ವಿ.ಯ ಮುಂದೆ ಕುಳಿತು ಈ ಕೆಳಗಿನ ಕೆಲಸಗಳನ್ನು ಮಾಡಬಹುದು. ಮಾದರಿ ಮತ್ತು ವರ್ಷಗಳಿಗನುಸಾರವಾಗಿ ಹೆಸರುಗಳಲ್ಲಿ ತುಸು ವ್ಯತ್ಯಾಸವಿರುತ್ತದೆ; ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ.

ಸ್ಯಾಮ್‌ಸಂಗ್ ಟಿ.ವಿ.ಯಾದರೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್’ ಮತ್ತು ‘ಇಂಟರೆಸ್ಟ್ ಬೇಸ್ಡ್ ಅಡ್ವರ್ಟೈಸಿಂಗ್’ ಎಂಬವುಗಳ ಮುಂದಿನ ಗುರುತನ್ನು ತೆಗೆಯಬೇಕು. ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಎಂಬುದನ್ನು ನಿಲ್ಲಿಸಿ, ‘ಲಿಮಿಟ್ ಆ್ಯಡ್ ಟ್ರ್ಯಾಕಿಂಗ್’ ಎಂಬುದನ್ನು ಚಾಲೂ ಮಾಡಬೇಕು. ಮುಖಪುಟದ ಸೆಟ್ಟಿಂಗ್ಸ್‌ನಲ್ಲಿ ‘ಹೋಮ್ ಪ್ರಮೋಷನ್’ ಕಂಡರೆ ಅದನ್ನೂ ನಿಲ್ಲಿಸಬೇಕು.

ಹಲವು ಕಂಪೆನಿಗಳ ಟಿ.ವಿ.ಗಳಲ್ಲಿರುವುದು ಗೂಗಲ್ ಟಿ.ವಿ. ತಂತ್ರಾಂಶ. ಅದರಲ್ಲಿ ನಮ್ಮ ಖಾತೆಯ ಹೆಸರಿನಡಿ ‘ಆ್ಯಪ್ಸ್ ಓನ್ಲಿ ಮೋಡ್’ ಎಂಬುದಿದೆ. ಅದನ್ನು ಆರಿಸಿದರೆ ಶಿಫಾರಸುಗಳ ಸಾಲುಗಳು ಮರೆಯಾಗಿ, ನಾವು ಹಾಕಿಕೊಂಡ ಆ್ಯಪ್‌ಗಳು ಮಾತ್ರ ಉಳಿಯುತ್ತವೆ. ಮೇಲಿನ ಒಂದು ದೊಡ್ಡ ಚಿತ್ರ ಉಳಿಯಬಹುದು. ಧ್ವನಿಯಿಂದ ಹುಡುಕುವ ಸೌಲಭ್ಯವೂ ನಿಲ್ಲುತ್ತದೆ. ಇದಲ್ಲದೆ ಪ್ರೈವಸಿ ವಿಭಾಗದ ‘ಆ್ಯಡ್ಸ್’ ಎಂಬಲ್ಲಿ ಜಾಹೀರಾತಿನ ಗುರುತುಸಂಖ್ಯೆಯನ್ನು ಅಳಿಸಬಹುದು.

ಅಮೆಜಾನ್ ಫೈರ್ ಟಿ.ವಿ. ಇದ್ದವರು ‘ಪ್ರಿಫರೆನ್ಸಸ್’ನಲ್ಲಿ ‘ಫೀಚರ್ಡ್ ಕಂಟೆಂಟ್’ಗೆ ಹೋಗಿ ವಿಡಿಯೋ ಮತ್ತು ಆಡಿಯೋ ಆಟೋಪ್ಲೇ ಎರಡನ್ನೂ ನಿಲ್ಲಿಸಿದರೆ, ತಾನಾಗಿಯೇ ಕೂಗಿಕೊಳ್ಳುವ ಜಾಹೀರಾತು ಮೌನ ತಾಳುತ್ತದೆ. ಅಲ್ಲಿಯೇ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಮಾಹಿತಿ ಸಂಗ್ರಹ ಮತ್ತು ‘ಇಂಟರೆಸ್ಟ್ ಬೇಸ್ಡ್ ಆ್ಯಡ್ಸ್’ಗಳನ್ನೂ ನಿಲ್ಲಿಸಬೇಕು. ಟಿ.ವಿ.ಯಲ್ಲಿ ಮೈಕ್ ಇದ್ದು, ಮನೆಯಲ್ಲಿ ಯಾರೂ ಅದನ್ನು ಬಳಸದಿದ್ದರೆ ಅದನ್ನೂ ಮುಚ್ಚುವುದು ಒಳಿತು.

ಎಲ್ಲಕ್ಕಿಂತ ಸುಲಭವಾದ ಉಪಾಯ ಇನ್ನೊಂದಿದೆ. ಮನೆಯ ಹಿರಿಯರು ನೋಡುವುದು ಡಿಶ್ ಅಥವಾ ಕೇಬಲ್ ವಾಹಿನಿಗಳನ್ನು ಮಾತ್ರವಾದರೆ, ಆ ಟಿ.ವಿ.ಗೆ ಇಂಟರ್‌ನೆಟ್ಟನ್ನೇ ಕೊಡಬೇಕಾಗಿಲ್ಲ. ಇಂಟರ್‌ನೆಟ್ಟಿಲ್ಲದ ಟಿ.ವಿ. ಹೊಸ ಜಾಹೀರಾತನ್ನು ತರಿಸಲಾರದು, ನಮ್ಮ ಸುದ್ದಿಯನ್ನು ಹೊರಗೆ ಕಳುಹಿಸಲಾರದು. ಹೊಸ ಗೂಗಲ್ ಟಿ.ವಿ.ಯನ್ನು ಜೋಡಿಸುವಾಗಲೇ ‘ಬೇಸಿಕ್ ಟಿ.ವಿ.’ ಎಂಬುದನ್ನು ಆರಿಸುವ ಅವಕಾಶವೂ ಉಂಟು.

ಮನೆಯಲ್ಲಿ ಎಂಜಿನಿಯರ್ ಮಕ್ಕಳಿದ್ದರೆ ಅವರಿಗೆ ಇನ್ನೊಂದು ಕೆಲಸ ಒಪ್ಪಿಸಬಹುದು. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ ವಿಳಾಸವನ್ನು ಹಾಕಿದರೆ, ಉದಾಹರಣೆಗೆ ಆ್ಯಡ್‌ಗಾರ್ಡ್ ಸಂಸ್ಥೆಯ 94.140.14.14, ಜಾಹೀರಾತು ಕಳುಹಿಸುವ ಅನೇಕ ಕಂಪ್ಯೂಟರುಗಳ ದಾರಿ ಮನೆಯ ಬಾಗಿಲಲ್ಲೇ ಮುಚ್ಚುತ್ತದೆ.

ಮಿತಿಗಳನ್ನೂ ಅರಿತಿರೋಣ

ಈ ಉಪಾಯಗಳಿಂದ ಎಲ್ಲ ಜಾಹೀರಾತುಗಳೂ ಮಾಯವಾಗುವುದಿಲ್ಲ. ಯೂಟ್ಯೂಬಿನ ಜಾಹೀರಾತು ಕಾರ್ಯಕ್ರಮದೊಡನೆ ಒಂದೇ ದಾರಿಯಲ್ಲಿ ಬರುವುದರಿಂದ ಡಿಎನ್‌ಎಸ್ ವಿಳಾಸ ಅದನ್ನು ತಡೆಯಲಾರದು. ಚಂದಾ ಕಟ್ಟಿದವರಿಗೂ ಜಾಹೀರಾತು ತಪ್ಪಿದ್ದಲ್ಲ. ಅಮೆಜಾನ್ ಪ್ರೈಮ್ ವಿಡಿಯೋ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತುಗಳನ್ನು ಆರಂಭಿಸಿ, ಅವು ಬೇಡವೆಂದವರಿಗೆ ವರ್ಷಕ್ಕೆ 699 ರೂಪಾಯಿಗಳ ಹೆಚ್ಚುವರಿ ಶುಲ್ಕವನ್ನು ಪ್ರಕಟಿಸಿತು. ತಂತ್ರಾಂಶ ನವೀಕರಣವಾದ ಮೇಲೆ ಹೊಸ ಷರತ್ತುಗಳು ಬರಬಹುದು, ನಿಲ್ಲಿಸಿದ್ದು ಮತ್ತೆ ಚಾಲೂ ಆಗಬಹುದು. ಆದುದರಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆಯ ಧೂಳು ಹೊಡೆಯುವಾಗ ಟಿ.ವಿ.ಯ ಸೆಟ್ಟಿಂಗ್ಸನ್ನೂ ಒಮ್ಮೆ ನೋಡುವ ರೂಢಿಯಿರಲಿ.

ಜಾಹೀರಾತನ್ನು ಕಾರ್ಯಕ್ರಮದಂತೆ ವೇಷ ತೊಡಿಸಿ ತೋರಿಸುವುದು, ಬೇಡವೆಂದರೂ ಮತ್ತೆ ಮತ್ತೆ ಕಾಡುವುದು ಇವೆರಡನ್ನೂ ಕೇಂದ್ರ ಸರ್ಕಾರವು 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಇಂಥ ಅನುಭವವಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಕೊಡಬಹುದು.

ಅರಿವೇ ಕಾವಲು

ವ್ಯಾಪಾರವನ್ನು ಹೀಗಳೆಯುವ ಸಂಪ್ರದಾಯ ನಮ್ಮದಲ್ಲ. ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ನುಲಿಯ ಚಂದಯ್ಯನವರನ್ನು ಶರಣರೆಂದು ಪೂಜಿಸುವವರು ನಾವು. ತನ್ನ ಸರಕಿನ ಗುಣವನ್ನು ಸಂತೆಯಲ್ಲಿ ಕೂಗಿ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಕೊಳ್ಳುವವನಿಗೆ ತಿಳಿಯದಂತೆ ಅವನ ಮನೆಯೊಳಗಿನ ಮಾತನ್ನೇ ಮಾರುವುದು ಸತ್ಯಶುದ್ಧ ಕಾಯಕವೆನಿಸಲಾರದು. ಅದಕ್ಕೆ ಅವಕಾಶ ಮಾಡಿಕೊಟ್ಟು ಸುಮ್ಮನಿರುವುದು ಅರಿವುಳ್ಳವರ ಲಕ್ಷಣವೂ ಅಲ್ಲ.

ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವುದೋ ಬಿಡುವುದೋ ಎಂಬುದನ್ನು ನಿರ್ಧರಿಸುವವರು ಮನೆಯವರು. ಟಿ.ವಿ.ಯೂ ನಮ್ಮ ಮನೆಗೆ ಒಂದು ಬಾಗಿಲೇ. ಯಾರೋ ಅವಸರದಲ್ಲಿ ನಮ್ಮ ಹೆಸರಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಈ ವಾರವೇ ಹಿಂಪಡೆಯೋಣ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಒಂದೊಂದು ಷರತ್ತನ್ನೂ ಅವರಿಂದಲೇ ಓದಿಸಿ, ಅದರ ಅರ್ಥವನ್ನು ಅಜ್ಜಿಯವರಿಗೆ ಕನ್ನಡದಲ್ಲಿ ಹೇಳಿಸೋಣ. ಓದದೆ ಒಪ್ಪಬಾರದೆಂಬ ಪಾಠ ಮಕ್ಕಳಿಗೆ ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ. ಮುಂದಿನ ಶ್ರಾವಣದಲ್ಲಿ ಅಜ್ಜಿಯವರು ಟಿ.ವಿ. ಹಾಕಿಸಿದಾಗ ಮೊದಲು ಕಿವಿಗೆ ಬೀಳುವುದು ಅವರು ಕೇಳಬಯಸಿದ ಪ್ರವಚನವೇ ಆಗಿರಲಿ.