ಪಾದ, ಬೆಳಕು ಮತ್ತು ನಾದ: ದ್ಯುತಿ ವಾಲ್ಯೂಮ್ ಪೆಡಲಿನ ಕಾರ್ಯವಿಧಾನ

ವಾದ್ಯಗಳ ಅಧ್ಯಯನದಲ್ಲಿ ಕೈಬೆರಳುಗಳಿಗೆ ಸಂದ ಗಮನ ಪಾದಕ್ಕೆ ಸಂದಿಲ್ಲ. ನಮ್ಮ ವೃತ್ತಿರಂಗಭೂಮಿಯ ಕಾಲು ಹಾರ್ಮೋನಿಯಂನಲ್ಲಿ ಪಾದವು ತಿದಿಯನ್ನೊತ್ತಿ ನಾದಕ್ಕೆ ಗಾಳಿಯೊದಗಿಸುತ್ತದೆ. ಪಾಶ್ಚಾತ್ಯ ವಾದ್ಯಪರಂಪರೆಯಲ್ಲಿ ಅದಕ್ಕೆ ನಾದದ ಏರಿಳಿತವನ್ನು ನಿಯಂತ್ರಿಸುವ ಹೊಣೆಯೂ ಉಂಟು. 1712ರಲ್ಲಿ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನ ಆರ್ಗನ್ನಿಗೆ ಅಬ್ರಹಾಂ ಜೋರ್ಡನ್ ಅಳವಡಿಸಿದ 'ಸ್ವೆಲ್' ವ್ಯವಸ್ಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಕೊಳವೆಗಳನ್ನು ಪೆಟ್ಟಿಗೆಯೊಳಗಿರಿಸಿ, ಅದರ ಬಾಗಿಲನ್ನು ಕಾಲಿನಿಂದ ತೆರೆದು ಮುಚ್ಚಿ ಧ್ವನಿಯನ್ನು ಹಿಗ್ಗಿಸುವ, ಕುಗ್ಗಿಸುವ ಉಪಾಯವದು.

ವಿದ್ಯುತ್ ವಾದ್ಯಗಳಲ್ಲಿ ಈ ಕಾರ್ಯ ವಾಲ್ಯೂಮ್ ಪೆಡಲಿನದು. ಸಾಮಾನ್ಯ ಪೆಡಲಿನಲ್ಲಿ ತುಳಿಹಲಗೆಯು ದಾರ ಅಥವಾ ಹಲ್ಲುಚಕ್ರದ ಮೂಲಕ ಪೊಟೆನ್ಶಿಯೋಮೀಟರ್ ಎಂಬ ರೋಧಕವನ್ನು ತಿರುಗಿಸುತ್ತದೆ. ಅದರೊಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿಯೊಂದು ಉಜ್ಜುತ್ತ ಸಾಗುವುದರಿಂದ ಪಟ್ಟಿ ಸವೆಯುತ್ತದೆ, ಧೂಳು ಸೇರುತ್ತದೆ, ಕರಕರ ಸದ್ದು ನಾದದೊಡನೆ ಬೆರೆಯುತ್ತದೆ.

ದ್ಯುತಿ ಪೆಡಲು ಈ ತಿಕ್ಕಾಟವನ್ನೇ ನಿವಾರಿಸುತ್ತದೆ. ಇಲ್ಲಿ ತುಳಿಹಲಗೆಗೆ ಜೋಡಿಸಿದ ಮರೆಪಟ್ಟಿಯೊಂದು ಪುಟ್ಟ ದೀಪ ಹಾಗೂ ದ್ಯುತಿರೋಧಕದ ನಡುವೆ ಸರಿಯುತ್ತದೆ. ಕ್ಯಾಡ್ಮಿಯಂ ಸಲ್ಫೈಡಿನಿಂದಾದ ದ್ಯುತಿರೋಧಕದ ಮೇಲೆ ಬೆಳಕು ಹೆಚ್ಚಿದಂತೆ ಅದರ ರೋಧ ಇಳಿಯುತ್ತದೆ, ಕತ್ತಲಾದಂತೆ ಏರುತ್ತದೆ. ಆಂಪ್ಲಿಫೈಯರಿಗೆ ಸಾಗುವ ಸಂಕೇತದ ಪ್ರಮಾಣವನ್ನು ಈ ವ್ಯತ್ಯಾಸವೇ ನಿರ್ಧರಿಸುತ್ತದೆ. ಅಂದು ನಾದಕ್ಕೆ ಅಡ್ಡನಿಂತ ಬಾಗಿಲು ಇಲ್ಲಿ ಬೆಳಕಿಗೆ ಅಡ್ಡನಿಂತಿದೆ. ಆದರೆ ಇದಕ್ಕೂ ಮಿತಿಗಳಿವೆ. ದೀಪಕ್ಕೆ ವಿದ್ಯುತ್ತು ಬೇಕೇ ಬೇಕು. ಅದು ಆರಿದರೆ ನಿಯಂತ್ರಣವೂ ತಪ್ಪುತ್ತದೆ. ದ್ಯುತಿರೋಧಕವು ಕತ್ತಲಿನ ಸ್ಥಿತಿಗೆ ಮರಳಲು ತುಸು ಕಾಲ ಹಿಡಿಯುವುದರಿಂದ ಪಾದದ ಚುರುಕಿಗಿಂತ ನಾದ ಕೊಂಚ ಹಿಂದುಳಿಯಬಹುದು.

ಈ ಸೂಕ್ಷ್ಮ ಏಕೆ ಮುಖ್ಯವೆಂಬುದಕ್ಕೆ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಉತ್ತರ ನೀಡುತ್ತದೆ. ವಾದಕನು ಪೆಡಲನ್ನು ಅರೆಮುಚ್ಚಿ ತಂತಿ ಮೀಟುತ್ತಾನೆ. ತಂತಿಯ ನಾದ ಕ್ಷೀಣಿಸುತ್ತಿದ್ದಂತೆ ಬಲಪಾದದಿಂದ ಪೆಡಲನ್ನು ತೆರೆಯುತ್ತ ಹೋಗುತ್ತಾನೆ. ಮೀಟಿದ ಪೆಟ್ಟು ಮರೆಯಾಗಿ, ಸ್ವರವು ಗಾಯಕನ ಉಸಿರಿನಂತೆ ದೀರ್ಘವಾಗುತ್ತದೆ. ಈ ಶೈಲಿಯ ಅರ್ಧಭಾಗ ಪಾದದಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಐರೋಪ್ಯ ಒಕ್ಕೂಟವು 2006ರಿಂದ ವಿದ್ಯುನ್ಮಾನ ಉಪಕರಣಗಳಲ್ಲಿ ಕ್ಯಾಡ್ಮಿಯಂ ಬಳಕೆಯನ್ನು ನಿರ್ಬಂಧಿಸಿತು. ಅದರ ವಿಷಗುಣವನ್ನು ಗಮನಿಸಿದರೆ ಕ್ರಮ ಯುಕ್ತವೇ. ಆದರೆ ಹಳೆಯ ಪೆಡಲುಗಳ ದುರಸ್ತಿಗೆ ಬದಲಿ ಘಟಕ ಹುಡುಕುವಾಗ ಮೂಲ ಘಟಕದ ರೋಧದ ವ್ಯಾಪ್ತಿ ಮತ್ತು ವೇಗ ತಿಳಿದಿರಬೇಕು. ಇಲ್ಲವಾದರೆ ಪೆಡಲು ದುಡಿದರೂ ಪಾದದ ಹಳೆಯ ಅನುಭವ ಮರಳದು. ಆದುದರಿಂದ ವಾದ್ಯವನ್ನು ಸಂಗ್ರಹಿಸುವವರು ಅದರ ಪೆಡಲನ್ನೂ ಸಂಗ್ರಹಿಸಬೇಕು, ಒಳರಚನೆಯನ್ನು ಅಳೆದು ಬರೆದಿಡಬೇಕು, ನುಡಿಸುವ ಪಾದದ ಚಲನೆಯನ್ನೂ ಚಿತ್ರೀಕರಿಸಬೇಕು. ಪಾದವಿಲ್ಲದ ದಾಖಲೆಯಲ್ಲಿ ವಾದ್ಯ ಉಳಿದೀತು, ವಾದನ ಉಳಿಯದು.